ಚಿಕ್ಕಪ್ಪನ ಸಪ್ಪೆ ಸಾರು

ನಮ್ಮ ಮನೆಯಲ್ಲಿ ಮದ್ದಿಗಿಂತ ಪಥ್ಯಕ್ಕೆ ಮರ್ಯಾದೆ ಹೆಚ್ಚು. ಆಸ್ಪತ್ರೆಯಿಂದ ಯಾವ ಮಾತ್ರೆ ತಂದರೂ ಅಮ್ಮ ಅದರ ಹೆಸರು ಕೇಳುತ್ತಿರಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ಏನೇನು ನಿಲ್ಲಿಸಬೇಕೆಂದು ಯೋಚಿಸುತ್ತಿದ್ದಳು. ಬದನೆಕಾಯಿ ಬೇಡ, ಕುಂಬಳಕಾಯಿ ಬೇಡ, ಹುಳಿ ಬೇಡ, ಖಾರ ಬೇಡ. ಕಾಯಿಲೆ ದೊಡ್ಡದಾದರೆ ಉಪ್ಪೂ ಬೇಡ. ಚಿಕ್ಕವಳಿದ್ದಾಗ ಸೈಕಲ್ಲಿನಿಂದ ಬಿದ್ದು ಮಂಡಿಗೆ ಹೊಲಿಗೆ ಹಾಕಿಸಿಕೊಂಡು ಬಂದ ನನಗೂ ಉಪ್ಪಿಲ್ಲದ ಸಾರು ಬಡಿಸಿದ್ದಳು. ಮಂಡಿಗೂ ಉಪ್ಪಿಗೂ ಏನು ಸಂಬಂಧ ಎಂದು ನಾನು ತಟ್ಟೆ ನೂಕಿದಾಗ, ನಿನ್ನ ನಾಲಿಗೆಗೂ ಒಂದು ಪಥ್ಯ ಬೇಕು ಎಂದಿದ್ದಳು. ಆ ಪಥ್ಯ ಮಾತ್ರ ನನಗೆ ಇವತ್ತಿಗೂ ಹಿಡಿಸಿಲ್ಲ.

ನಮ್ಮ ಊರು ದಬ್ಬೇಘಟ್ಟದ ಕಡೆ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಕೊಟ್ಟಿಗೆಯಲ್ಲಿ ಹಸುಗಳು, ತಲೆಯ ಮೇಲೆ ಅಟ್ಟದ ತುಂಬ ಕಾಯಿ. ನಮ್ಮಲ್ಲಿ ಕಾಯಿಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಮಟ್ಟೆಯ ಸಮೇತ ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು, ಕಾಯಿ ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆಗ ಮಟ್ಟೆ ಸುಲಿದು, ಸಣ್ಣ ಮಚ್ಚಿನಿಂದ ಚಿಪ್ಪು ಒಡೆದು, ಕೊಬ್ಬರಿಯನ್ನು ಇಡೀ ಉಂಡೆಯಾಗಿ ಹೊರಗೆ ತೆಗೆಯುತ್ತಾರೆ. ಮಚ್ಚಿನ ಏಟು ಒಳಗಿನ ಉಂಡೆಗೆ ತಾಗಿದರೆ ಅದಕ್ಕೆ ಬೆಲೆಯಿಲ್ಲ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಅದನ್ನು ಬೇರೆ ಗುಡ್ಡೆಗೆ ಎಸೆಯುತ್ತಾರೆ.

ಈ ಕೆಲಸದಲ್ಲಿ ನಮ್ಮ ಚಿಕ್ಕಪ್ಪನನ್ನು ಮೀರಿಸುವವರಿರಲಿಲ್ಲ. ಅವನು ಅಪ್ಪನ ತಮ್ಮ, ಮದುವೆಯಾಗದೆ ನಮ್ಮ ಜೊತೆಯಲ್ಲೇ ಇದ್ದವನು. ಎಡಗೈಯಲ್ಲಿ ಕಾಯಿಯನ್ನು ತಿರುಗಿಸುತ್ತ ಬಲಗೈಯ ಮಚ್ಚಿನಿಂದ ಸುತ್ತ ತಟ್ಟಿದನೆಂದರೆ ಚಿಪ್ಪು ಕಳಚಿ ಬೀಳುತ್ತಿತ್ತು. ಕಣ್ಣು ಕೆಲಸದ ಮೇಲೆ ಇರುತ್ತಲೇ ಇರಲಿಲ್ಲ, ನನ್ನನ್ನು ರೇಗಿಸುವುದರಲ್ಲಿರುತ್ತಿತ್ತು. ದಂಡಿನಶಿವರದಿಂದೆಲ್ಲ ಜನ ಬಂದು, ನಮ್ಮ ಅಟ್ಟದ ಕಾಯಿ ಇಳಿಸುವಾಗ ಒಂದು ದಿನ ಬಂದು ಹೋಗಪ್ಪ ಎಂದು ಅವನನ್ನು ಕರೆಯುತ್ತಿದ್ದರು. ಬೇರೆಯವರಿಗೆ ಓದು, ಸಂಬಳ, ಹೆಂಡತಿ ಮಕ್ಕಳು ಇದ್ದ ಹಾಗೆ ಅವನಿಗೆ ಆ ಮಚ್ಚು ಇತ್ತು.

ಅವನಿಗೆ ಒಂದು ಕಾಯಿಲೆಯೂ ಇತ್ತು. ನಮ್ಮ ಮನೆಯ ಮಾತಿನಲ್ಲಿ ಅದಕ್ಕೆ ಏರು ಅನ್ನುತ್ತಿದ್ದರು. ಏರು ಬಂದರೆ ನಿದ್ದೆ ಹೋಗುತ್ತಿತ್ತು, ಮಾತಿಗೆ ತಡೆಯಿಲ್ಲ, ಒಂದೇ ದಿನದಲ್ಲಿ ಊರಿಗೆಲ್ಲ ಕಾಲುವೆ ತೋಡಿಸುವ ಯೋಜನೆ. ಅದು ಇಳಿದ ಮೇಲೆ ವಾರಗಟ್ಟಲೆ ಗೋಡೆಗೆ ಮುಖ ಹಾಕಿ ಮಲಗುತ್ತಿದ್ದ. ಡಾಕ್ಟರುಗಳ ಭಾಷೆಯಲ್ಲಿ ಇದು ಬೈಪೋಲಾರ್ ಕಾಯಿಲೆ. ಒಂದು ಬೇಸಿಗೆಯಲ್ಲಿ ಏರು ಬಂದಾಗ ಅವನು ಅಟ್ಟ ಹತ್ತಿ, ಇನ್ನೂ ನೀರು ಆರದ ಕಾಯಿಗಳನ್ನೆಲ್ಲ ಕೆಳಕ್ಕುರುಳಿಸಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಒಡೆದ. ಅಂಗಳದಲ್ಲಿ ಕಾಯಿನೀರಿನ ಕೊಚ್ಚೆ. ಆಮೇಲೆ ಹಸಿ ಕೊಬ್ಬರಿಯನ್ನು ಪಂಚೆಯಲ್ಲಿ ಕಟ್ಟಿಕೊಂಡು ಬಸ್ ಸ್ಟಾಪಿಗೆ ಹೋಗಿ, ಬಸ್ಸಿನಲ್ಲಿದ್ದವರಿಗೆಲ್ಲ ಹಂಚುತ್ತೇನೆಂದು ನಡುರಸ್ತೆಯಲ್ಲಿ ನಿಂತ. ಅವನು ಯಾರಿಗೂ ಒಂದು ಉಗುರು ತಾಗಿಸಲಿಲ್ಲ. ಆದರೆ ಕೈಯಲ್ಲಿ ಮಚ್ಚಿತ್ತು, ಕಣ್ಣು ಕೆಂಪಗಿತ್ತು, ನಗು ನಿಲ್ಲುತ್ತಿರಲಿಲ್ಲ. ಜನ ಬಾಗಿಲು ಹಾಕಿಕೊಂಡರು.

ಅವತ್ತು ಅಪ್ಪ ಕಿತ್ತುಕೊಂಡ ಮಚ್ಚು ದೇವರಮನೆ ಸೇರಿತು. ಆಸ್ಪತ್ರೆಯಿಂದ ಬಂದ ಚಿಕ್ಕಪ್ಪ ಬೇರೇನೂ ಕೇಳಲಿಲ್ಲ, ಅದನ್ನು ಕೇಳಿದ. ಅಪ್ಪ ತಲೆಯೆತ್ತದೆ ಹೇಳಿದ: "ಅದೊಂದ್ ಬುಟ್ಟು ಏನಾರ ಕೇಳು ಕಣ್ಲಾ."

ಮುಂದಿನ ವರ್ಷ ಅಟ್ಟ ಇಳಿಸಿದಾಗ ಚಿಕ್ಕಪ್ಪನಿಗೆ ಸಿಕ್ಕಿದ್ದು ಮಟ್ಟೆ ಹೊರುವ ಕೆಲಸ. ಚಿಪ್ಪು ಒಡೆಯಲು ಬಂದ ಹೆಂಗಸರು ಅವನು ಹತ್ತಿರ ಬಂದಾಗಲೆಲ್ಲ ತಮ್ಮ ಮಚ್ಚನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಹುಚ್ಚು ಬಿಡೋ ತನಕ ಮದುವೆಯಾಗಲ್ಲ, ಮದುವೆಯಾಗೋ ತನಕ ಹುಚ್ಚು ಬಿಡಲ್ಲ ಎಂದು ಯಾರೋ ಅವನೆದುರಿಗೇ ಗಾದೆ ಬಿಟ್ಟರು. ಎಲ್ಲರೂ ನಕ್ಕರು, ಚಿಕ್ಕಪ್ಪನೂ ನಕ್ಕ. ನನಗೆ ಮಾತ್ರ ಮೈಯೆಲ್ಲ ಉರಿದು, ಗಾದೆ ಹೇಳಿದವರ ಮನೆಯ ಮೂರು ತಲೆಮಾರಿನ ಹುಳುಕನ್ನು ಅಲ್ಲೇ ಎತ್ತಿ ಆಡಿ, ಅಪ್ಪನ ಕೈಲಿ ಬೈಸಿಕೊಂಡೆ.

ತುಮಕೂರಿನ ಡಾಕ್ಟರು ಅವನಿಗೆ ಲಿಥಿಯಂ ಮಾತ್ರೆ ಕೊಟ್ಟಿದ್ದರು. ಆಸ್ಪತ್ರೆಯಲ್ಲಿದ್ದಷ್ಟು ದಿನ ಅದು ಚೆನ್ನಾಗಿ ಹಿಡಿಯುತ್ತಿತ್ತು. ನಿದ್ದೆ ಬಂತು, ಮಾತು ಹದಕ್ಕೆ ಬಂತು. ಮನೆಗೆ ಬಂದು ಕೆಲವು ವಾರಗಳಾಗುವಷ್ಟರಲ್ಲಿ ಕೈ ನಡುಗಲು ಶುರುವಾಗುತ್ತಿತ್ತು. ಲೋಟ ಹಿಡಿದರೆ ಕಾಫಿ ತುಳುಕುತ್ತಿತ್ತು. ಆಮೇಲೆ ವಾಂತಿ, ತೂರಾಟ, ನಾಲಿಗೆ ತೊದಲು. ಕಾಯಿಲೆ ಹೋಗಿ ಕುಡಿತ ಬಂತು ಎಂದು ಊರು ತೀರ್ಮಾನ ಮಾಡಿತು. ಮತ್ತೆ ಆಸ್ಪತ್ರೆಗೆ ಒಯ್ದರೆ, ರಕ್ತದಲ್ಲಿ ಮದ್ದಿನ ಅಂಶ ವಿಪರೀತ ಏರಿದೆ, ಲೆಕ್ಕಕ್ಕಿಂತ ಜಾಸ್ತಿ ನುಂಗಿದರಾ ಎಂದು ಕೇಳಿದರು. ಅಮ್ಮ ಒಂದೊಂದು ಮಾತ್ರೆಯನ್ನೂ ತನ್ನ ಕೈಯಾರೆ ಕೊಟ್ಟಿದ್ದಳು. ಜಾಸ್ತಿ ನುಂಗುವ ಮಾತೇ ಇರಲಿಲ್ಲ.

ಮಾತ್ರೆ ಬದಲಾಯಿಸಿದರು. ಹೊಸ ಮಾತ್ರೆಗೆ ಅವನು ಹಗಲೂ ಮಂಕಾಗಿ ಕೂರುತ್ತಿದ್ದ. ತನ್ನ ಕೈಕಾಲು ತನ್ನದಲ್ಲ ಎನ್ನಿಸುತ್ತದೆ ಎಂದು ಅದನ್ನು ಬಾಳೆಯ ಬುಡಕ್ಕೆ ಎಸೆಯತೊಡಗಿದ. ಏರು ಮತ್ತೆ ಬಂತು. ಲಿಥಿಯಂ ಅನ್ನೇ ಕಡಿಮೆ ಮಾಡಿ ಮತ್ತೆ ಕೊಟ್ಟರು. ಆಸ್ಪತ್ರೆಯಲ್ಲಿ ಸರಿ, ಮನೆಗೆ ಬಂದ ಮೇಲೆ ಅದೇ ನಡುಕ. ಮನೆಯಲ್ಲೇ ಏನೋ ಇದೆ ಎಂದು ಯಾರೋ ಹೇಳಿದ್ದಕ್ಕೆ ಅಪ್ಪ ಹೊಸಿಲಿಗೆ ಯಂತ್ರ ಹೊಡೆಸಿದ. ಮನೆಯಲ್ಲಿ ಏನೋ ಇದ್ದದ್ದು ನಿಜವೇ ಆಗಿತ್ತು, ಆದರೆ ಅದು ಹೊಸಿಲಲ್ಲಿರಲಿಲ್ಲ. ಚಿಕ್ಕಪ್ಪನ ಪಾಡು ಹೀಗಿತ್ತು: ಮಾತ್ರೆ ನುಂಗಿದರೆ ಕೈ ನಡುಗಿ ಮಚ್ಚು ಹಿಡಿಯಲಾಗದು, ಮಾತ್ರೆ ಬಿಟ್ಟರೆ ಮಚ್ಚನ್ನು ಯಾರೂ ಕೊಡರು.

ನಾನು ಆ ಹೊತ್ತಿಗೆ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ಇಂಥ ಕಾಯಿಲೆ ಒಬ್ಬರಿಗಿಂತ ಹೆಚ್ಚು ಜನರಿಗೆ ಬಂದಿರುವ ಮನೆತನಗಳಿಂದ ರಕ್ತ ತಂದು, ಅದರ ಕಣಗಳನ್ನು ಗಾಜಿನ ತಟ್ಟೆಯಲ್ಲಿ ಸಾಕಿ, ಹಂತಹಂತವಾಗಿ ಮಿದುಳಿನ ನರಕೋಶಗಳಾಗಿ ಬೆಳೆಸುವುದು ಅಲ್ಲಿನ ಕೆಲಸ. ಯಾರ ಕೋಶ ಯಾವುದೆಂದು ನಮಗೆ ಹೇಳುವುದಿಲ್ಲ. ಕೆಲವು ಕೋಶಗಳು ಸುಮ್ಮಸುಮ್ಮನೆ ಉದ್ರೇಕಗೊಂಡು ಒಂದೇ ಸಮನೆ ಸಂಕೇತ ಕಳಿಸುತ್ತಿರುತ್ತವೆ. ತಟ್ಟೆಗೆ ಲಿಥಿಯಂ ಹಾಕಿ ಕೆಲವು ದಿನ ಬಿಟ್ಟರೆ ಅವುಗಳಲ್ಲಿ ಕೆಲವು ಶಾಂತವಾಗುತ್ತವೆ. ಮೊದಲ ಸಲ ಅದನ್ನು ಪರದೆಯ ಮೇಲೆ ನೋಡಿದಾಗ ನನಗೆ ಬಸ್ ಸ್ಟಾಪಿನಲ್ಲಿ ನಿಂತಿದ್ದ ಚಿಕ್ಕಪ್ಪ ನೆನಪಾಗಿ, ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ನನ್ನ ಪಾಲಿನ ಕೆಲಸ ಅಷ್ಟು ದೊಡ್ಡದೇನಲ್ಲ. ದಿನಾ ಬೆಳಿಗ್ಗೆ ಆ ಕೋಶಗಳಿಗೆ ಹಾಕುವ ದ್ರವ ತಯಾರಿಸಬೇಕು, ಅಂದರೆ ಸಕ್ಕರೆ, ಉಪ್ಪುಗಳನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದ ಹಾಗೆ ತೂಗಿ ಬೆರೆಸಬೇಕು.

ನಮ್ಮ ಮನೆಯವರ ರಕ್ತವನ್ನೂ ಆ ಕೆಲಸಕ್ಕೆ ಕೊಡಬಹುದು ಎಂದಾಗ ಅಪ್ಪ ಹೌಹಾರಿದ. ರಕ್ತದಲ್ಲೇ ಹುಚ್ಚಿದೆ ಎಂದು ಊರಿಗೆ ಡಂಗುರ ಸಾರುತ್ತೀಯಾ ಎಂದು ಕೇಳಿದ. ನಾನು ಅವನನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಒಂದೇ ತಾಯಿಮರದ ಕಾಯಿಗಳಿಂದ ಎಬ್ಬಿಸಿದ ಮರಗಳನ್ನು ತೋರಿಸಿದೆ. ಒಂದು ಬೇಗ ಫಲ ಬಿಟ್ಟಿದೆ, ಒಂದು ನುಸಿಗೆ ಸಿಕ್ಕಿದೆ, ಒಂದು ಇನ್ನೂ ಯೋಚನೆ ಮಾಡುತ್ತ ನಿಂತಿದೆ. ಹುಚ್ಚಿನ ಜೀನ್ ಎಂದು ಒಂದು ಇಲ್ಲ. ಎಲ್ಲರಲ್ಲೂ ಇರುವ ಸಾವಿರಾರು ಸಣ್ಣ ಸಣ್ಣ ವ್ಯತ್ಯಾಸಗಳು ಕೆಲವರಲ್ಲಿ ಸ್ವಲ್ಪ ಹೆಚ್ಚಾಗಿ ಸೇರಿಕೊಳ್ಳುತ್ತವೆ, ಅದರ ಮೇಲೆ ಬದುಕಿನ ಬಿಸಿಲು ಮಳೆ ಬೀಳುತ್ತದೆ, ನನ್ನಲ್ಲೂ ನಿನ್ನಲ್ಲೂ ಒಂದಿಷ್ಟು ಇವೆ ಎಂದೆ. ನಿನ್ನಲ್ಲಿ ಇರೋದು ಮೊದಲಿಂದ ಗೊತ್ತು ಎಂದು ಹೇಳಿ ಅವನು ತೋಳು ಚಾಚಿದ. ಅಪ್ಪ ಕೊಟ್ಟ ಮೇಲೆ ಚಿಕ್ಕಪ್ಪನೂ ಕೊಟ್ಟ.

ಉಳಿದವಳು ಸಂಪಿಗೆ ಎಂಬ ಊರಿನ ಅಜ್ಜಿ, ತಾತನ ತಂಗಿ. ಪ್ರಾಯದಲ್ಲಿ ಅವಳಿಗೂ ಏರು ಇತ್ತು. ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಊಟ ನಿದ್ದೆ ಬಿಟ್ಟು ಹಾಡುತ್ತಿದ್ದಳಂತೆ. ಬಹಳ ವರ್ಷಗಳಿಂದ ಗಟ್ಟಿಮುಟ್ಟಾಗಿದ್ದಾಳೆ. ರಕ್ತ ತೆಗೆಯಲು ಹೊರಟ ನರ್ಸಮ್ಮನ ಜೊತೆ ನಾನೂ ಹೋದೆ. ಅಜ್ಜಿ ಜಗಲಿಯಲ್ಲಿ ಕೂತು ದೇವರಿಗೆ ಹೂ ಕಟ್ಟುತ್ತಿದ್ದಳು. ಬಾಳೆನಾರಿನಲ್ಲಿ ಮಲ್ಲಿಗೆ ಮೊಗ್ಗು ಸಾಲಾಗಿ ಕೂರುತ್ತಿತ್ತು, ಬೆರಳು ಒಂದಿಷ್ಟೂ ಅದುರುತ್ತಿರಲಿಲ್ಲ. ಯಾವ ಮಾತ್ರೆ ತಗೊಳ್ಳುತ್ತೀಯಾ ಎಂದು ಕೇಳಿದೆ. ಸೊಸೆ ಡಬ್ಬಿ ತಂದು ತೋರಿಸಿದಳು. ಲಿಥಿಯಂ.

ನನಗೆ ಅಲ್ಲೇ ತಲೆಯಲ್ಲಿ ಒಂದು ಮುಳ್ಳು ಕೂತಿತು. ಈ ಮಾತ್ರೆ ಎಲ್ಲರಿಗೂ ಹಿಡಿಯುವುದಿಲ್ಲ. ಆದರೆ ಒಬ್ಬರಿಗೆ ಚೆನ್ನಾಗಿ ಹಿಡಿದರೆ ಅವರ ರಕ್ತಸಂಬಂಧಿಗಳಿಗೂ ಹಿಡಿಯುವ ಸಂಭವ ಹೆಚ್ಚು ಎಂಬುದು ನಮ್ಮ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಅಜ್ಜಿಯನ್ನು ಕಾಪಾಡಿದ್ದು ಚಿಕ್ಕಪ್ಪನನ್ನು ಮಾತ್ರ ಯಾಕೆ ಕೆಡಿಸಬೇಕು? ಆ ಯೋಚನೆಯಲ್ಲೇ ಊಟಕ್ಕೆ ಕೂತೆ. ಅಜ್ಜಿ ಮುದ್ದೆ ಮುರಿಯುವ ಮೊದಲು ಒಂದು ಮಾವಿನ ಉಪ್ಪಿನಕಾಯಿ ಹೋಳನ್ನು ಪೂರ್ತಿ ಚೀಪಿದಳು. ಮಜ್ಜಿಗೆಗೆ ಮೇಲಿಂದ ಉಪ್ಪು ಉದುರಿಸಿಕೊಂಡಳು. ಪಥ್ಯ ಗಿಥ್ಯ ಇಲ್ಲವೇನಜ್ಜಿ ಎಂದೆ, ಮಾತಿಗೆ.

"ಇವ್ಳೂ ಸಪ್ಪೆ ಇಕ್ಕಿ ನೋಡಿದ್ಲು," ಎಂದು ಸೊಸೆಯ ಕಡೆ ತುತ್ತು ತೋರಿಸಿದಳು. "ತಟ್ಟೆ ನೂಕ್ಬುಟ್ಟೆ. ಉಪ್ಪಿಲ್ದೆ ನೆಟ್ಟಗಾಗಿ ಯಾವ್ ಸುಖ ಕಣೇ?"

ನನ್ನ ತಟ್ಟೆ ನೂಕುವ ಗುಣ ಯಾರಿಂದ ಬಂದದ್ದೆಂದು ಅವತ್ತು ತಿಳಿಯಿತು. ಅಷ್ಟು ತಿಳಿಯಿತೇ ಹೊರತು ಬೇರೇನೂ ಹೊಳೆಯಲಿಲ್ಲ. ರಕ್ತದ ಶೀಶೆಗಳನ್ನು ನರ್ಸಮ್ಮನ ಜೊತೆ ಕಳಿಸಿ, ತುರುವೇಕೆರೆಯಲ್ಲಿ ಬಸ್ಸು ಬದಲಾಯಿಸಿ ಊರಿಗೆ ಹೋದೆ. ಡಾಕ್ಟರು ಕಡೆಯ ಸಲ ನೋಡೋಣವೆಂದು ಚಿಕ್ಕಪ್ಪನಿಗೆ ಮತ್ತೆ ಲಿಥಿಯಂ ಶುರು ಮಾಡಿದ್ದರು. ಅವನು ಮನೆಗೆ ಬಂದು ಕೆಲವು ದಿನಗಳಾಗಿತ್ತು. ಜಗಲಿಯಲ್ಲಿ ಕೂತು ನನ್ನನ್ನು ನೋಡಿ ಕೈಯೆತ್ತಿದ. ಬೆರಳ ತುದಿ ಆಗಲೇ ಅದುರುತ್ತಿತ್ತು. ಅವನು ಅದನ್ನು ಪಂಚೆಯ ಕೆಳಗೆ ಇಟ್ಟುಕೊಂಡ.

ಅಮ್ಮ ಕೊಟ್ಟಿಗೆಯಲ್ಲಿದ್ದಳು. ಬಸ್ಸಿನ ಕುಲುಕಾಟಕ್ಕೆ ಹಸಿವು ಮತ್ತೆ ಕೆರಳಿತ್ತು. ಒಲೆಯ ಪಕ್ಕದ ಸಣ್ಣ ಪಾತ್ರೆಯಿಂದ ಹುರುಳಿ ಸಾರು ಬಗ್ಗಿಸಿಕೊಂಡು ಮುದ್ದೆ ಅದ್ದಿ ಬಾಯಿಗಿಟ್ಟೆ. ನಮ್ಮ ಕಡೆ ಮುದ್ದೆಗೆ ಉಪ್ಪು ಹಾಕುವುದಿಲ್ಲ, ರುಚಿಯೆಲ್ಲ ಸಾರಿನದೇ. ಆ ಸಾರಿನಲ್ಲಿ ಒಂದು ಹರಳು ಉಪ್ಪಿರಲಿಲ್ಲ. ನನ್ನ ಕೈ ತಾನಾಗಿ ತಟ್ಟೆಯನ್ನು ನೂಕಿತು, ಮಂಡಿಗೆ ಹೊಲಿಗೆ ಹಾಕಿಸಿಕೊಂಡಿದ್ದಾಗ ನೂಕಿದ ಹಾಗೆಯೇ. ನೂಕಿದ ಕೈ ಅಲ್ಲೇ ನಿಂತಿತು. ಸಂಪಿಗೆಯಲ್ಲಿ ನೂಕಿದ ತಟ್ಟೆ, ಇಲ್ಲಿ ನೂಕದೆ ಉಂಡ ತಟ್ಟೆ. ಆಸ್ಪತ್ರೆಯ ಊಟದಲ್ಲಿ ಉಪ್ಪಿತ್ತು, ಮನೆಯ ಊಟದಲ್ಲಿ ಇರಲಿಲ್ಲ.

ಲಿಥಿಯಂ ಎಂಬುದೂ ಒಂದು ಬಗೆಯ ಉಪ್ಪೇ, ನಾವು ತಿನ್ನುವ ಉಪ್ಪಿನ ದಾಯಾದಿ. ಮೈಗೆ ಉಪ್ಪು ಸಾಲದಾದರೆ ಕಿಡ್ನಿ ಇದ್ದಬದ್ದ ಉಪ್ಪನ್ನೆಲ್ಲ ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಹಿಡಿಯುವಾಗ ಲಿಥಿಯಂ ಅನ್ನೂ ಸೇರಿಸಿ ಹಿಡಿಯುತ್ತದೆ. ಮಾತ್ರೆ ನುಂಗಿದ್ದು ಅಷ್ಟೇ, ರಕ್ತದಲ್ಲಿ ಉಳಿಯುವುದು ದಿನದಿನಕ್ಕೂ ಜಾಸ್ತಿ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಡಾಕ್ಟರೂ ನೀರು ಚೆನ್ನಾಗಿ ಕುಡಿಯಿರಿ, ಊಟ ದಿನದ ಹಾಗೇ ಇರಲಿ ಎಂದು ಪ್ರತಿ ಸಲ ಹೇಳಿ ಕಳಿಸುತ್ತಿದ್ದರು. ಅಮ್ಮ ತಲೆಯಾಡಿಸಿ ಬರುತ್ತಿದ್ದಳು. ಪೇಟೆಯವರಿಗೆ ಪಥ್ಯ ತಿಳಿಯದು, ಪಾಪ ಎಂದು ಅವಳ ಅಭಿಪ್ರಾಯ. ಮದ್ದು ಅಂದ ಮೇಲೆ ಪಥ್ಯ ಇದ್ದೇ ಇರುತ್ತದೆ, ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳುವುದೇನು?

ಅಮ್ಮ ಹಾಲಿನ ಪಾತ್ರೆ ಹಿಡಿದು ಒಳಗೆ ಬಂದಳು. ನಾನು ಹೇಳಿದೆ. ನನ್ನ ಬಾಯಿ ಎಂದಿನ ಹಾಗೆ ಜೋರಾಗಿಯೇ ಇತ್ತು, ಆದರೆ ಅರ್ಧಕ್ಕೆ ಬರುವಷ್ಟರಲ್ಲಿ ಅವಳ ಮುಖ ನೋಡಿ ಇಳಿಯಿತು. ಅವಳು ಪಾತ್ರೆಯನ್ನು ಕೆಳಗಿಟ್ಟು ಗೋಡೆಗೆ ಒರಗಿ ಕೂತಳು.

"ಹಂಗಾರೆ ವಿಷ ಇಕ್ಕಿದ್ದು ನಾನೇನಾ?" ಎಂದು ಕೇಳಿದಳು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ಚಿಕ್ಕಪ್ಪನಿಗೆ ಬುದ್ಧಿ ಬರುವ ಮೊದಲೇ ತಾಯಿ ತೀರಿಕೊಂಡಿದ್ದಳು. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅವನನ್ನು ನೋಡಿಕೊಂಡವಳು ಅಮ್ಮ. ನನಗೆ ಬೈಯಲು ಬರುವಷ್ಟು ಚೆನ್ನಾಗಿ ಸಮಾಧಾನ ಮಾಡಲು ಬರುವುದಿಲ್ಲ. ಸುಮ್ಮನಿರಲಾರದೆ, ಈ ಸಪ್ಪೆಯನ್ನು ಅವನು ಹೇಗಾದರೂ ಉಂಡನೋ ಎಂದೆ. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಅಷ್ಟೇನೂ ಕಷ್ಟವಿಲ್ಲ, ನಾನೂ ಅದನ್ನೇ ಉಣ್ಣುವುದು ಎಂದಳು. ಮಚ್ಚು ದೇವರಮನೆ ಸೇರಿದ ದಿನ, ಮೈದುನ ನೆಟ್ಟಗಾಗಿ ಅದು ಅವನ ಕೈಗೆ ಹೋಗುವವರೆಗೆ ಉಪ್ಪು ಮುಟ್ಟುವುದಿಲ್ಲ ಎಂದು ಮನೆದೇವರಿಗೆ ಹೇಳಿಕೊಂಡಿದ್ದಳಂತೆ. ಅಪ್ಪನಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ಹೆಂಗಸಿನ ತಟ್ಟೆಯನ್ನು ನೋಡುವವರು ಯಾರು?

ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. "ನೀವೂ ಇದನ್ನೇ ಉಣ್ತಿದ್ರಾ ಅತ್ತಿಗೆ?" ಎಂದ. ಅವನು ಒಳಗೆ ಬಂದು, ಅವಳು ಕೆಳಗಿಟ್ಟ ಹಾಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕಿಸಿಕೊಂಡೇ ಒಲೆಯ ಮೇಲಿಟ್ಟ.

ಡಾಕ್ಟರಿಗೆ ಫೋನ್ ಮಾಡಿದಾಗ, ಉಪ್ಪು ಪೂರ್ತಿ ಬಿಡಿಸಿದ್ದರಾ ಎಂದು ಅವರು ಎರಡೆರಡು ಸಲ ಕೇಳಿದರು. ಆಮೇಲೆ, ಮಾತ್ರೆ ನಿಲ್ಲಿಸಿ ಕೂಡಲೇ ಕರೆದುಕೊಂಡು ಬನ್ನಿ ಎಂದರು. ಅವತ್ತಿನ ರಕ್ತದ ಪರೀಕ್ಷೆ ಅವರ ಅನುಮಾನವನ್ನೆಲ್ಲ ತೀರಿಸಿತು. ಕಿಡ್ನಿಗೆ ಏನೂ ಆಗಿರಲಿಲ್ಲ. ಸ್ವಲ್ಪ ದಿನ ಬಿಟ್ಟು, ಸಣ್ಣ ಪ್ರಮಾಣದಿಂದ ಮತ್ತೆ ಶುರು ಮಾಡಿದರು. ಈ ಸಲ ಅವರು ಮಾತಾಡಿದ್ದು ಚಿಕ್ಕಪ್ಪನ ಜೊತೆಗಿಂತ ಹೆಚ್ಚಾಗಿ ಅಮ್ಮನ ಜೊತೆ. ಉಪ್ಪು ಬಿಡಬಾರದು, ಹಾಗಂತ ಸುರಿಯಲೂ ಬಾರದು, ದಿನಾ ಒಂದೇ ಹದ, ನೀರು ಬೇಕು, ಗೊತ್ತು ಮಾಡಿದ ದಿನ ರಕ್ತ ಪರೀಕ್ಷೆಗೆ ತಪ್ಪಬಾರದು. ಅಮ್ಮ ಎಲ್ಲ ಕೇಳಿಸಿಕೊಂಡು, ಇದೂ ಒಂದು ಪಥ್ಯವೇ ತಾನೇ ಎಂದಳಂತೆ. ಹೌದಮ್ಮ, ಇದೇ ಪಥ್ಯ ಎಂದರಂತೆ ಡಾಕ್ಟರು. ಆವತ್ತಿನಿಂದ ಅವರು ಪ್ರತಿ ರೋಗಿಗೂ, ಮನೇಲಿ ಏನು ಪಥ್ಯ ಮಾಡ್ತೀರಿ ಎಂದು ಕೇಳತೊಡಗಿದ್ದಾರೆಂದು ಆಮೇಲೆ ಕೇಳಿ ನಾನು ಬಸ್ಸಿನಲ್ಲೇ ಒಬ್ಬಳೇ ನಕ್ಕೆ.

ಅಮ್ಮನಿಗೆ ಒಪ್ಪುವಂಥ ಪಥ್ಯ ಸಿಕ್ಕಿದ ಮೇಲೆ ಕೇಳಬೇಕೆ? ಪಾಲಿಸುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ಹೋಬಳಿಯಲ್ಲಿಲ್ಲ. ಆದರೆ ತನ್ನ ಸಾರಿಗೆ ಮಾತ್ರ ಉಪ್ಪು ಹಾಕಿಕೊಳ್ಳಲಿಲ್ಲ. ಈಗಲಾದರೂ ಬಿಡಮ್ಮ ಎಂದು ನಾನು ಜಗಳ ಮಾಡಿದೆ. ಹರಕೆ ಹರಕೆಯೇ, ದೇವರಿಗೆ ಕಿಡ್ನಿ ಪಾಠ ಹೇಳೋಕೆ ಹೋಗ್ಬೇಡ ಎಂದಳು.

ಆ ವರ್ಷದ ಕಾಯಿ ಅಟ್ಟಕ್ಕೆ ಏರುತ್ತಿದ್ದ ದಿನ ಚಿಕ್ಕಪ್ಪ ಕೆಳಗಿನಿಂದ ಕಾಯಿ ಎಸೆದು ಕೊಡುತ್ತಿದ್ದ, ಅಪ್ಪ ಮೇಲೆ ಹಿಡಿಯುತ್ತಿದ್ದ. ಎಸೆಯುತ್ತಲೇ ಚಿಕ್ಕಪ್ಪ ಮಚ್ಚಿನ ಮಾತೆತ್ತಿದ. ಅಪ್ಪ ಹಿಡಿದ ಕಾಯಿಯನ್ನು ಎದೆಗೆ ಒತ್ತಿಕೊಂಡು ನಿಂತ. "ಈ ಅಟ್ಟ ಇಳಿಯೋ ಗಂಟ ಹಿಂಗೇ ಇರು. ಇಳಿದ್ ದಿನ ಅದು ನಿಂದು," ಎಂದ.

ಅಲ್ಲಿಂದ ನಮ್ಮ ಮನೆಯಲ್ಲಿ ಎರಡು ಕಾಯುವಿಕೆ ಶುರುವಾದವು. ಅಟ್ಟದ ಮೇಲೆ ಕಾಯಿ ಒಣಗುತ್ತಿತ್ತು. ಕೆಳಗೆ ಚಿಕ್ಕಪ್ಪ ನಿದ್ದೆ ಮಾಡುತ್ತಿದ್ದ, ಏಳುತ್ತಿದ್ದ, ಹಸು ಕಟ್ಟುತ್ತಿದ್ದ, ತೋಟಕ್ಕೆ ನೀರು ಹಾಯಿಸುತ್ತಿದ್ದ. ನಾನು ಊರಿಗೆ ಬಂದಾಗಲೆಲ್ಲ ಮೊದಲು ಅವನ ಕೈ ನೋಡುತ್ತಿದ್ದೆ. ಅವನು ಅದಕ್ಕೇ ಕಾದಿದ್ದವನಂತೆ ತುಂಬಿದ ಲೋಟವನ್ನು ಅಂಗೈ ಮೇಲೆ ಇಟ್ಟುಕೊಂಡು ಅಂಗಳದಲ್ಲಿ ಮೆರವಣಿಗೆ ಹೊರಡುತ್ತಿದ್ದ. ಅದುರು ಪೂರ್ತಿ ಹೋಗಿರಲಿಲ್ಲ. ಸೂಜಿಗೆ ದಾರ ಪೋಣಿಸುವಾಗ ಒಂದಿಷ್ಟು ಉಳಿದಿತ್ತು. ಅದಕ್ಕೆ ಮೊಣಕೈಯನ್ನು ಮಂಡಿಗೆ ಆನಿಸಿಕೊಂಡು ಕೆಲಸ ಮಾಡುವುದನ್ನು ಅವನು ಅಭ್ಯಾಸ ಮಾಡಿಕೊಂಡ.

ನಡುವೆ ಒಮ್ಮೆ ಕೈಗೆ ಬಂದದ್ದು ತಪ್ಪಿಹೋಗುವಂತಾಯಿತು. ಕಡುಬೇಸಿಗೆಯಲ್ಲಿ ಅವನಿಗೆ ವಾಂತಿ ಭೇದಿ ಹಿಡಿಯಿತು. ಮೈಯ ನೀರು, ಉಪ್ಪು ಎಲ್ಲ ಹರಿದುಹೋದರೆ ಸಪ್ಪೆ ಸಾರಿನ ಕತೆಯೇ ಮತ್ತೆ. ಅಪ್ಪ ದೃಷ್ಟಿ ತೆಗೆಯಲು ಮೆಣಸಿನಕಾಯಿ ಹುಡುಕುತ್ತಿದ್ದನಂತೆ. ಅಮ್ಮ ಆವತ್ತಿನ ಮಾತ್ರೆಯನ್ನು ಕೊಡದೆ, ಆಸ್ಪತ್ರೆಗೆ ಫೋನ್ ಮಾಡಿಸಿ, ಆಟೋ ಕರೆಸಿ, ಮೈದುನನನ್ನು ಕೂರಿಸಿಕೊಂಡು ಹೊರಟೇಬಿಟ್ಟಳು. ಅಲ್ಲಿ ಮೊದಲು ಸಿಕ್ಕ ನರ್ಸಿಗೆ ಅವಳು ಹೇಳಿದ್ದು, ಲಿಥಿಯಂ ತಗೊಳ್ಳೋರು ಕಣ್ರೀ, ಮೊದ್ಲು ರಕ್ತ ನೋಡಿ ಎಂದು. ಓದಿದ ಮಗಳಾಗಿ ನಾನು ಎಷ್ಟೋ ಸಲ ಎದೆಯುಬ್ಬಿಸಿದ್ದೇನೆ. ಆದರೆ ಫೋನಿನಲ್ಲಿ ಆ ಮಾತು ಕೇಳಿದಾಗ ಆದಷ್ಟು ಹೆಮ್ಮೆ ನನಗೆ ಯಾವ ಸರ್ಟಿಫಿಕೇಟಿಗೂ ಆಗಿಲ್ಲ. ಕೆಲವು ದಿನಗಳಲ್ಲಿ ಅವನು ಸರಿಹೋದ, ಮಾತ್ರೆ ಮತ್ತೆ ಶುರುವಾಯಿತು.

ಅಟ್ಟ ಇಳಿಸುವ ದಿನ ನಾನು ರಜೆ ಹಾಕಿ ಬಂದಿದ್ದೆ. ಮಟ್ಟೆ ಸುಲಿದ ಕಾಯಿ ಅಂಗಳದಲ್ಲಿ ರಾಶಿ ಬಿದ್ದಿತ್ತು. ಚಿಪ್ಪು ಒಡೆಯುವ ಹೆಂಗಸರು ಬಂದು ಸುತ್ತ ಕೂತಿದ್ದರು, ಗಾದೆ ಹೇಳಿದ್ದ ಮನೆಯವರೂ ಇದ್ದರು. ಚಿಕ್ಕಪ್ಪ ತೆಂಗಿನ ಗರಿ ಹಾಸಿಕೊಂಡು ತನ್ನ ಹಳೆಯ ಜಾಗದಲ್ಲಿ ಕೂತ, ಬರಿಗೈಯಲ್ಲಿ. ಅಪ್ಪ ಜಗಲಿಯಲ್ಲಿ ನಿಂತು ಟವೆಲ್ಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಕೊಟ್ಟ ಮಾತು ನೆನಪಿತ್ತು. ಬಸ್ ಸ್ಟಾಪೂ ನೆನಪಿತ್ತು. ಹೆಂಗಸರು ಅಪ್ಪನ ಮುಖ ನೋಡುತ್ತಿದ್ದರು.

ಅಮ್ಮ ದೇವರಮನೆಯಿಂದ ಮಚ್ಚು ಹಿಡಿದು ಬಂದಳು. ಅದಕ್ಕೆ ಎಣ್ಣೆ ಹಚ್ಚಿ, ಹಿಡಿಗೆ ವಿಭೂತಿ ಇಟ್ಟಿದ್ದಳು. ಅಪ್ಪನ ಮುಂದೆಯೇ ಹಾದು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ, ಹಿಡಿಯನ್ನು ಮೈದುನನ ಕಡೆಗೆ ತಿರುಗಿಸಿ ಕೊಟ್ಟಳು.

"ಹಿಡಿಯಪ್ಪ," ಎಂದಳು.

ಅವನು ಕಣ್ಣಿಗೆ ಒತ್ತಿಕೊಂಡು ತಗೊಂಡ. ಒಂದು ಕಾಯಿ ಆರಿಸಿ ಕಿವಿಯ ಹತ್ತಿರ ಅಲ್ಲಾಡಿಸಿದ. ಲೊಟಲೊಟ ಅಂದದ್ದು ಅಂಗಳಕ್ಕೆಲ್ಲ ಕೇಳಿಸಿತು. ಮೊಣಕೈಯನ್ನು ಮಂಡಿಗೆ ಆನಿಸಿ, ಕಾಯಿ ತಿರುಗಿಸುತ್ತ ಸುತ್ತ ತಟ್ಟಿದ. ಮೊದಲಿನಷ್ಟು ಚುರುಕಿರಲಿಲ್ಲ, ಕಣ್ಣೂ ಈ ಸಲ ಕೆಲಸದ ಮೇಲೇ ಇತ್ತು. ಒಂದು ಚಿಪ್ಪು ಬಿತ್ತು, ಇನ್ನೊಂದು ಬಿತ್ತು. ಅಂಗೈಯಲ್ಲಿ ಕಂದು ಸಿಪ್ಪೆಯ ದುಂಡು ಕೊಬ್ಬರಿ ಕೂತಿತ್ತು. ನಾನು ಕಿತ್ತುಕೊಂಡು ಸುತ್ತ ತಿರುಗಿಸಿ ನೋಡಿದೆ. ಒಂದು ಗೀರು ಇರಲಿಲ್ಲ. ನನಗೆ ಕುಣಿಯಬೇಕು ಅನ್ನಿಸಿತು. ಕುಣಿದೆನೆಂದೇ ಅಪ್ಪ ಈಗಲೂ ಹೇಳುತ್ತಾನೆ. ಪಕ್ಕದ ಹೆಂಗಸು ತನ್ನ ಮುಂದಿದ್ದ ಕಾಯಿ ಗುಡ್ಡೆಯಲ್ಲಿ ಅರ್ಧವನ್ನು ಅವನ ಕಡೆಗೆ ತಳ್ಳಿ, ನಿಧಾನಕ್ಕೆ ಮಾಡ್ತಿದ್ದೀಯಲ್ಲ, ಸಂಜೆಗೆ ಮುಗಿಸ್ತೀಯೇನಪ್ಪ ಎಂದು ರೇಗಿಸಿದಳು. ಆ ಹೊತ್ತಿಗೆ ಅವಳ ಮಚ್ಚು ಮಡಿಲಲ್ಲಿರಲಿಲ್ಲ, ಅವನ ಕೈಗೆ ಸಿಗುವಂತೆ ನೆಲದ ಮೇಲಿತ್ತು.

ಮಧ್ಯಾಹ್ನ ಎಲ್ಲರಿಗೂ ಅಂಗಳದಲ್ಲೇ ಎಲೆ ಹಾಕಿದೆವು. ಅಮ್ಮ ಬಡಿಸಲು ಬಂದರೆ ಚಿಕ್ಕಪ್ಪ ಅವಳ ಕೈಯಿಂದ ಸೌಟು ಕಸಿದು, ರಟ್ಟೆ ಹಿಡಿದು ಎಲೆಯ ಮುಂದೆ ಕೂರಿಸಿದ. ಅವಳು ಎಲ್ಲರಿಗಿಂತ ಮೊದಲು ಊಟಕ್ಕೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವನು ಒಳಗೆ ಹೋಗಿ ಉಪ್ಪು ತುಂಬಿದ ಮರಿಗೆಯನ್ನು ತಂದ. ಬಗ್ಗಿ, ಒಂದು ಚಿಟಿಕೆ ತೆಗೆದು, ಅವಳ ಎಲೆಯ ತುದಿಗೆ ಹಾಕಿದ. ಬೆರಳು ಅದುರಲಿಲ್ಲ; ಉಪ್ಪು ಚೆಲ್ಲದೆ ಒಂದೇ ಗುಪ್ಪೆಯಾಗಿ ಬಿತ್ತು. ಆಮೇಲೆ ಮುದ್ದೆ ಇಟ್ಟು, ಎಲ್ಲರ ಪಾತ್ರೆಯ ಸಾರನ್ನೇ ಅವಳಿಗೂ ಬಿಟ್ಟ.

ಅಮ್ಮ ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು. ಅಷ್ಟು ಕಾಲ ಸಪ್ಪೆ ಉಂಡ ನಾಲಿಗೆಗೆ ಹದವಾದ ಸಾರೂ ತಡೆಯಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಉಪ್ಪಿಗೋ ಇನ್ನೊಂದಕ್ಕೋ, ಅವಳನ್ನು ಕೇಳುವ ಧೈರ್ಯ ನನಗೂ ಬರಲಿಲ್ಲ.

"ಉಪ್ಪು ಮುಂದಾಯ್ತು ಕಣಪ್ಪ," ಎಂದಳು.

"ಆಗ್ಲಿ, ಉಣ್ಣಿ ಅತ್ತಿಗೆ," ಎಂದ ಚಿಕ್ಕಪ್ಪ, ಮತ್ತೊಂದು ಸೌಟು ಬಿಟ್ಟ.